ಒಡನಾಟವೇ ಆಕ್ಯುಪೇಷನ್ ಆದಾಗ: ಆಕ್ಯುಪೇಷನಲ್ ಥೆರಪಿ ಟಿಪ್ಪಣಿ

ಥೆರಪಿ ಪ್ಲಾನ್‌ನಲ್ಲಿ ಸ್ನಾನ, ಊಟ, ಬಟ್ಟೆ, ಕೆಲಸ ಎಲ್ಲ ಬರೆಯುತ್ತೇವೆ. ಜನರ ಜೊತೆಗಿನ ಒಡನಾಟ ಮಾತ್ರ ಕೊನೆಯ ಸಾಲಿಗೆ ಹೋಗುತ್ತದೆ. ಎಷ್ಟೋ ಕ್ಲೈಂಟ್‌ಗಳಿಗೆ ಬೇಕಾಗಿರುವುದೇ ಅದು.

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ, ಗೊಂದಲ ಜಾಸ್ತಿ ಆಗೋದು ಇಲ್ಲೇ. ಅಮೆರಿಕದ ಆಕ್ಯುಪೇಷನಲ್ ಥೆರಪಿ ಸಂಘದ ಪ್ರಾಕ್ಟೀಸ್ ಫ್ರೇಮ್‌ವರ್ಕ್‌ನಲ್ಲಿ (4ನೇ ಆವೃತ್ತಿ, 2020) ಸೋಷಿಯಲ್ ಪಾರ್ಟಿಸಿಪೇಷನ್, ಅಂದರೆ ಜನರ ಜೊತೆಗಿನ ಒಡನಾಟ, ಒಂದು ಆಕ್ಯುಪೇಷನ್ (ಬದುಕಿನಲ್ಲಿ ನಮಗೆ ಅರ್ಥವಿರುವ ದಿನನಿತ್ಯದ ಚಟುವಟಿಕೆ). ನಿದ್ದೆ, ಆಟ, ಕೆಲಸದ ಸಾಲಿನಲ್ಲೇ ಅದೂ ಇದೆ. ಸೋಷಿಯಲ್ ಇಂಟರಾಕ್ಷನ್ ಸ್ಕಿಲ್ಸ್ ಬೇರೆ. ಎದುರಿನವರ ಕಡೆ ತಿರುಗುವುದು, ಪ್ರಶ್ನೆ ಕೇಳುವುದು, ತನ್ನ ಸರದಿಗೆ ಕಾಯುವುದು, ಇವೆಲ್ಲ ಸ್ಕಿಲ್ಸ್. ಇವು ಸುಧಾರಿಸಿದರೂ ಒಡನಾಟ ಮರಳಿ ಬರದೇ ಇರಬಹುದು.

ಹೇಗೆ ಅಂತೀರಾ? ಸ್ಟ್ರೋಕ್ ಆದ ಒಬ್ಬರಿದ್ದಾರೆ ಅಂದುಕೊಳ್ಳಿ. ಬಲಗೈ ದುರ್ಬಲ, ಜೊತೆಗೆ ಅಫೇಸಿಯಾ (ಮಿದುಳಿಗೆ ಪೆಟ್ಟಾಗಿ ಮಾತು, ಪದಗಳು ಸಿಗದೆ ಕಷ್ಟವಾಗುವುದು). ಮೊದಲು ವಾರಕ್ಕೊಮ್ಮೆ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದರು. ನಾವು ಕಾರ್ಡ್ ಹೋಲ್ಡರ್ ಕೊಟ್ಟೆವು, ಒಂದೇ ಕೈಯಲ್ಲಿ ಆಡಲು ಬಂತು. ಆದರೂ ಎರಡು ವಾರ ಹೋಗಿ ನಿಲ್ಲಿಸಿಬಿಟ್ಟರು. ಆ ಟೇಬಲ್ ಹತ್ತಿರ ಕೂತು ನೋಡಿದರೆ ಕಾರಣ ಗೊತ್ತಾಗುತ್ತದೆ. ಯಾರೋ ಕಾಲೆಳೆಯುತ್ತಾರೆ. ಇವರು ಉತ್ತರಕ್ಕೆ ಪದ ಹುಡುಕಿ ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತದೆ. ಇನ್ನೊಬ್ಬರು ಪಾಪ ಅಂತ ಇವರ ವಾಕ್ಯ ತಾವೇ ಮುಗಿಸುತ್ತಾರೆ. ಆಮೇಲೆ ಇವರು ಸುಮ್ನೆ ಎಲೆ ನೋಡುತ್ತಾ ಕೂರುತ್ತಾರೆ. ಅವರಿಗೆ ಬೇಕಿದ್ದದ್ದು ಆಟಕ್ಕಿಂತ ಆ ತಮಾಷೆ ಅಲ್ವಾ?

ಹಾಗಾಗಿ ಥೆರಪಿ ಗೆಳೆಯರಿಗೂ ಬೇಕು. ಒಬ್ಬೊಬ್ಬರಾಗಿ ಮಾತಾಡಿ, ಟಿವಿ ಆಫ್ ಮಾಡಿ, ಅವರು ಕೇಳದೆ ಪದ ತುಂಬಬೇಡಿ ಅಂತ ಹೇಳಿಕೊಡಬೇಕು. ಆಕ್ಯುಪೇಷನಲ್ ಥೆರಪಿ ವಿದ್ವಾಂಸೆ ಡೋರಿಸ್ ಪಿಯರ್ಸ್ 'ಕೋ-ಆಕ್ಯುಪೇಷನ್' ಅಂದದ್ದು ಇಲ್ಲಿ ನೆರವಿಗೆ ಬರುತ್ತದೆ: ಒಬ್ಬರು ಮಾಡುವುದು ಇನ್ನೊಬ್ಬರು ಮಾಡುವುದನ್ನು ತಿದ್ದುತ್ತಾ ಹೋಗುತ್ತದೆ. ಮಗುವಿಗೆ ಉಣಿಸುವುದು ನೋಡಿ. ಮಗು ಮುಖ ತಿರುಗಿಸಿದರೆ ಚಮಚ ನಿಲ್ಲುತ್ತದೆ, ಬಾಯಿ ತೆರೆದರೆ ಮುಂದೆ ಬರುತ್ತದೆ. ಒಬ್ಬರನ್ನೇ ಅಸೆಸ್ ಮಾಡಿದರೆ ಅರ್ಧ ಚಿತ್ರ ಅಷ್ಟೇ.

'ಸಂವಹನ ಸುಧಾರಿಸುವುದು' ಅಂತ ಗುರಿ ಬರೆದರೆ ಏನೂ ಬರೆದ ಹಾಗಾಗುವುದಿಲ್ಲ. ಹೀಗೆ ಬರೆಯಿರಿ: 'ಆರು ವಾರದೊಳಗೆ, ಗೆಳೆಯರು ಬಿಡುವು ಕೊಟ್ಟಾಗ, ಒಂದು ಆಟದ ನಡುವೆ ಮೂರು ಸಲ ತಾವಾಗಿಯೇ ಮಾತು ಶುರು ಮಾಡುವುದು.' ಜೊತೆಗೆ ಸಿಒಪಿಎಂ (ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ ಎಂಬ ಅಳತೆ) ಬಳಸಿ. ಅದರಲ್ಲಿ ಕ್ಲೈಂಟ್ ತಾನು ಎಷ್ಟು ಚೆನ್ನಾಗಿ ಮಾಡುತ್ತೇನೆ, ಎಷ್ಟು ತೃಪ್ತಿ ಇದೆ ಅಂತ 1ರಿಂದ 10ರವರೆಗೆ ಬೇರೆ ಬೇರೆ ಅಂಕ ಕೊಡುತ್ತಾರೆ. ಮಾತಿಗೆ 4, ತೃಪ್ತಿಗೆ 8 ಬಂದರೆ ಆಶ್ಚರ್ಯ ಬೇಡ. (ಸಿಒಪಿಎಂ ಒಡನಾಟವನ್ನು ವಿರಾಮದ ವಿಭಾಗಕ್ಕೆ ಹಾಕಿದೆ. ನನಗಂತೂ ಅದು ಅಷ್ಟು ಒಪ್ಪಿಗೆಯಿಲ್ಲ.)

ಎಲ್ಲರನ್ನೂ ಗುಂಪಿಗೆ ತಳ್ಳಲೂ ಬೇಡಿ. ಕೆಲವರಿಗೆ ಒಬ್ಬರ ಪಕ್ಕ ಮಾತಿಲ್ಲದೆ ಕೂರುವುದೇ ಸಾಕು.

ಸೆಷನ್‌ನಲ್ಲಿ ನಮ್ಮ ಜೊತೆ ಆಡುವ ಮಾತನ್ನು ಕ್ಲೈಂಟ್‌ನ ಸೋಷಿಯಲ್ ಪಾರ್ಟಿಸಿಪೇಷನ್ ಲೆಕ್ಕಕ್ಕೆ ಸೇರಿಸಬೇಡಿ, ಅದು ನಮ್ಮ ಚಿಕಿತ್ಸೆಯ ಸಾಧನ. ವಾರದಲ್ಲಿ ಅವರು ಆಡುವ ಮಾತು ಅದೊಂದೇ ಆಗಿದ್ದರೆ, ಅದನ್ನು ಅಸೆಸ್‌ಮೆಂಟ್‌ನಲ್ಲಿ ಬರೆಯಲೇಬೇಕು.