ಅಬ್ಬ್: ಹಣ್ಣೋ, ಮೇವೋ?

ಮನುಷ್ಯ ತಾನು ಉಣ್ಣುವ ಅನ್ನವನ್ನೊಮ್ಮೆ ನೋಡಲಿ ಎನ್ನುವ ಸಾಲುಗಳು ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ದಲ್ಲಿವೆ. ಮಳೆ ಸುರಿದು ನೆಲ ಬಿರಿಯುತ್ತದೆ. ಕಾಳು, ದ್ರಾಕ್ಷಿ, ಸೊಪ್ಪು, ಆಲಿವ್, ಖರ್ಜೂರ, ದಟ್ಟ ತೋಟಗಳು ಸಾಲಾಗಿ ಬರುತ್ತವೆ. 31ನೇ ವಾಕ್ಯ ‘ವ ಫಾಕಿಹತನ್ ವ ಅಬ್ಬಾ’. ಫಾಕಿಹ ಎಂದರೆ ಹಣ್ಣು. ಅಬ್ಬ್ ಎಂದರೆ? ಇಡೀ ಗ್ರಂಥದಲ್ಲಿ ಈ ಪದ ಬರುವುದು ಇಲ್ಲೊಂದೇ ಕಡೆ. ಖಲೀಫ ಉಮರ್ ಕೂಡ ‘ಹಣ್ಣು ಗೊತ್ತು, ಅಬ್ಬ್ ಏನು?’ ಎಂದು ಇಲ್ಲಿ ತಡೆದು ನಿಂತರೆಂದು ಹಳೆಯ ವ್ಯಾಖ್ಯಾನಗಳು ಹೇಳುತ್ತವೆ.

ಅರಬಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ, ನಿಘಂಟಿನಲ್ಲಿ ಹುಡುಕುವುದೂ ಧಾತು ಹಿಡಿದೇ. ಅಬ್ಬ್‌ನ ಧಾತು ಹಮ್ಜಾ-ಬಾ-ಬಾ. ನಿಘಂಟು ತೆರೆದವರು ಎಡವುವುದೂ ಇಲ್ಲೇ. ಕನ್ನಡದಲ್ಲಿ ಒತ್ತಕ್ಷರ ಕಣ್ಣಿಗೆ ಕಾಣುತ್ತದೆ. ಅರಬಿಯಲ್ಲಿ ದ್ವಿತ್ವಕ್ಕಿರುವುದು ಅಕ್ಷರದ ಮೇಲಿನ ‘ಶದ್ದ’ ಎಂಬ ಪುಟ್ಟ ಗುರುತು. ಸಾಮಾನ್ಯ ಬರಹದಲ್ಲಿ ಅದನ್ನೂ ಹಾಕುವುದಿಲ್ಲ. ಆಗ ಅಬ್ಬ್ ಮತ್ತು ಅಬ್, ಅಂದರೆ ತಂದೆ, ಒಂದೇ ಆಗಿ ಕಾಣುತ್ತವೆ. ತಂದೆಯ ಧಾತು ಹಮ್ಜಾ-ಬಾ-ವಾವ್. ಹೀಗೆಯೇ ಗೊಂದಲ ಹುಟ್ಟಿಸುವ ‘ಆಬ’ (ಮರಳಿದ) ಪದದ್ದು ಹಮ್ಜಾ-ವಾವ್-ಬಾ. ‘ಅಬಾ’ (ಒಲ್ಲೆನೆಂದ) ಪದದ್ದು ಹಮ್ಜಾ-ಬಾ-ಯಾ. ಇನ್ನೊಂದು ತೊಡಕು ಅನುಕ್ರಮದ್ದು. ‘ಲಿಸಾನುಲ್ ಅರಬ್’ ಎಂಬ ಹಳೆಯ ಅರಬಿ ನಿಘಂಟು ಧಾತುವಿನ ಕೊನೆಯ ಅಕ್ಷರ ಹಿಡಿದು ಸಾಗುತ್ತದೆ, ಹಾಗಾಗಿ ಬಾ ಅಧ್ಯಾಯದ ಹಮ್ಜಾ ವಿಭಾಗಕ್ಕೆ ಹೋಗಬೇಕು. ಮೊದಲ ಅಕ್ಷರ ಹಿಡಿದು ಸಾಗುವ ಲೇನ್‌ನ ಅರಬಿ-ಇಂಗ್ಲಿಷ್ ನಿಘಂಟಿನಲ್ಲಾದರೆ ಆರಂಭದ ಪುಟಗಳಲ್ಲೇ ಸಿಗುತ್ತದೆ.

10ನೇ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಈ ಧಾತುವಿಗೆ ಎರಡು ಮೂಲಾರ್ಥ ಕೊಡುತ್ತಾನೆ: ಒಂದು ಮೇವು, ಇನ್ನೊಂದು ಅಣಿಯಾಗುವುದು. ಎರಡನೆಯದರ ಬಳಕೆಗಳು ಬಲು ಸೊಗಸು. ‘ಅಬ್ಬ ಲಿಸ್ಸೈರ್’ ಎಂದರೆ ಪಯಣಕ್ಕೆ ಅಣಿಯಾದ. ‘ಅಬ್ಬ ಇಲಾ ವತನಿಹಿ’ ಎಂದರೆ ತನ್ನ ಊರಿಗಾಗಿ ಹಂಬಲಿಸಿದ. ಕತ್ತಿ ಹಿರಿಯಲು ಕೈ ಒರೆಯತ್ತ ಹೋದರೂ ಇದೇ ಕ್ರಿಯಾಪದ. ಕುರ್‌ಆನ್ ಪದಗಳ ನಿಘಂಟು ಬರೆದ ರಾಗಿಬ್ ಇಸ್ಫಹಾನಿ ಎರಡೂ ಅರ್ಥಗಳನ್ನು ಹೊಲಿದು, ಮೇಯಲು ಕೊಯ್ಯಲು ಸಿದ್ಧವಾದ ಹುಲ್ಲೇ ಅಬ್ಬ್ ಎನ್ನುತ್ತಾನೆ. ಜಾಣ ವಿವರಣೆ, ಆದರೆ ಅದರ ಅಗತ್ಯ ಕಾಣುವುದಿಲ್ಲ. ಏಕೆಂದರೆ ಸೋದರ ಭಾಷೆಗಳಲ್ಲಿ ಸಸ್ಯದ ಅರ್ಥ ತಾನಾಗಿಯೇ ಉಳಿದಿದೆ. ಹೀಬ್ರೂವಿನ ‘ಅವೀವ್’ ಹಾಲುಗಾಳಿನ ಹಸಿರು ಬಾರ್ಲಿ ತೆನೆ. ವಸಂತಕ್ಕೂ ಅದೇ ಹೆಸರು, ಟೆಲ್ ಅವೀವ್‌ನಲ್ಲಿರುವುದೂ ಅದೇ ಪದ. ಅರಮಾಯಿಕ್‌ನ ಒಂದು ರೂಪವಾದ ಸಿರಿಯಾಕ್‌ನಲ್ಲಿ ‘ಎಬ್ಬಾ’ ಎಂದರೆ ಹಣ್ಣು. 1938ರಲ್ಲಿ ಬರೋಡಾದಿಂದ ಪ್ರಕಟವಾದ ಕುರ್‌ಆನಿನಲ್ಲಿರುವ ಅನ್ಯಭಾಷಾ ಪದಗಳ ಕುರಿತ ಆರ್ಥರ್ ಜೆಫ್ರಿಯ ಕೃತಿ ಅರಬಿಯ ಅಬ್ಬ್ ಸಿರಿಯಾಕ್‌ನಿಂದಲೇ ಬಂತೆಂದು ವಾದಿಸುತ್ತದೆ.

ಪದ ಅಲ್ಲಿಂದ ಬಂದಿರಬಹುದು, ಅರ್ಥವನ್ನೂ ಅಲ್ಲಿಂದಲೇ ತಂದರೆ ‘ಹಣ್ಣು ಮತ್ತು ಹಣ್ಣು’ ಎಂದಾಗುತ್ತದೆ. ಮುಂದಿನ ವಾಕ್ಯ ಓದಿದರೆ ಗಂಟು ಸಡಿಲಾಗುತ್ತದೆ: ‘ನಿಮಗೂ ನಿಮ್ಮ ಜಾನುವಾರುಗಳಿಗೂ ಒದಗಲೆಂದು.’ ಹಣ್ಣು ನಿಮಗೆ, ಅಬ್ಬ್ ದನಕರುಗಳಿಗೆ.