ಮುಂದಿನ ಲೇಔಟ್ ಎಲ್ಲಿ? ಕಂಪ್ಯೂಟರ್ ಲೆಕ್ಕ ಹಾಕುವ ಬಗೆ

ಆನೇಕಲ್, ಹೊಸಕೋಟೆ, ದೇವನಹಳ್ಳಿ ಕಡೆ ಓಡಾಡಿದವರು ಇದನ್ನು ನೋಡಿಯೇ ಇರುತ್ತಾರೆ. ಬದುವಿನ ಈಚೆ ರಾಗಿ ತೆನೆ ಬಿಟ್ಟಿದೆ. ಆಚೆ ಜೆಸಿಬಿ ಓಡಾಡಿ ನೆಲ ಮಟ್ಟವಾಗಿದೆ, ಸೈಟಿನ ಕಲ್ಲು ನೆಟ್ಟಿದ್ದಾರೆ, ಬಣ್ಣದ ಕಮಾನು ಎದ್ದಿದೆ. ಇನ್ನು ನಾಲ್ಕೈದು ವರ್ಷಕ್ಕೆ ಈ ರಾಗಿ ಹೊಲವೂ ಸೈಟಾಗುತ್ತದೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪಕ್ಕದ ಹೊಲ ಹೋಯಿತು, ರಸ್ತೆ ಅಗಲವಾಯಿತು, ಹತ್ತಿರದಲ್ಲೇ ಫ್ಯಾಕ್ಟರಿ ಬಂತು, ಇನ್ನೇನು ಉಳಿಯುತ್ತದೆ? ಊರು ಬೆಳೆದಂತೆ ನೆಲ ಹೇಗೆ ಬದಲಾಗುತ್ತದೆ ಎಂದು ಅಂದಾಜು ಮಾಡುವ ಕಂಪ್ಯೂಟರ್ ಮಾದರಿಗಳೂ ಇದೇ ತರ್ಕದಲ್ಲಿ ನಡೆಯುತ್ತವೆ. ಲಕ್ಷಾಂತರ ಹೊಲಗಳಿಗೆ ಒಟ್ಟಿಗೆ ಲೆಕ್ಕ ಹಾಕುತ್ತವೆ, ಅಷ್ಟೇ.

ಮೊದಲು ಬೇಕಾಗುವುದು ಹಳೆಯ ನಕ್ಷೆಗಳು. ಅಮೆರಿಕ 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. 1982ರಿಂದ ಈ ಸರಣಿಯ ಉಪಗ್ರಹಗಳು ನೆಲವನ್ನು 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕಗಳಾಗಿ ನೋಡುತ್ತಿವೆ. ಅಂದರೆ 900 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 9 ಗುಂಟೆ. ರಸ್ತೆಗೆ ಜಾಗ ಬಿಡದಿದ್ದರೆ 30×40ರ ಎಂಟು ಸೈಟು ಹಿಡಿಸುತ್ತವೆ. ಸುಮಾರು 700 ಚದರ ಕಿಲೋಮೀಟರಿನ ಬೆಂಗಳೂರು ಇಂಥ ಏಳೂಮುಕ್ಕಾಲು ಲಕ್ಷ ಚೌಕಗಳಾಗುತ್ತದೆ. ಪ್ರತಿ ಚೌಕಕ್ಕೂ ಒಂದು ಹೆಸರು ಹಚ್ಚುತ್ತಾರೆ: ಕಟ್ಟಡ, ಹೊಲ, ಮರಗಿಡ, ನೀರು.

ಆಮೇಲೆ ಎರಡು ಪ್ರಶ್ನೆ. ಎಷ್ಟು ಬದಲಾಗುತ್ತದೆ? ಎಲ್ಲಿ ಬದಲಾಗುತ್ತದೆ?

ಮೊದಲನೆಯದು ಸುಲಭ. ಹತ್ತು ವರ್ಷದ ಅಂತರದ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಎಣಿಸಬೇಕು. ನೂರು ಹೊಲದ ಚೌಕಗಳಲ್ಲಿ ಹನ್ನೆರಡು ಕಟ್ಟಡವಾಗಿದ್ದರೆ, ಹೊಲ ಕಟ್ಟಡವಾಗುವ ಸಾಧ್ಯತೆ ಶೇ 12. ಮುಂದಿನ ಹತ್ತು ವರ್ಷಕ್ಕೂ ಇದೇ ದರ ಹಿಡಿದು ಲೆಕ್ಕ ಮುಂದುವರಿಸುತ್ತಾರೆ. ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೊವ್ ನೂರು ವರ್ಷಕ್ಕೂ ಹಿಂದೆ ಹಾಕಿಕೊಟ್ಟ ದಾರಿ ಇದು. ಆದರೆ ಆ ಹನ್ನೆರಡು ಚೌಕ ಯಾವುವು ಎಂದು ಮಾರ್ಕೊವ್ ಲೆಕ್ಕ ಹೇಳುವುದಿಲ್ಲ.

ಎಲ್ಲಿ ಎಂಬುದಕ್ಕೆ ಉತ್ತರ ಬೇರೆ ಕಡೆಯಿಂದ ಬಂತು. 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ಫಾನ್ ನಾಯ್ಮನ್ ಚೌಕಗಳ ಒಂದು ಗಣಿತ ಕಟ್ಟಿದರು. ಅದರಲ್ಲಿ ಪ್ರತಿ ಚೌಕ ತನ್ನ ನೆರೆಯ ಚೌಕಗಳನ್ನು ನೋಡಿ ತಾನೇನಾಗಬೇಕು ಎಂದು ತೀರ್ಮಾನಿಸುತ್ತದೆ. ನಿಯಮ ಚಿಕ್ಕದು, ಆದರೆ ಸಾವಿರ ಸಲ ನಡೆಸಿದರೆ ಹುಟ್ಟುವ ಆಕಾರ ಯಾರೂ ಊಹಿಸದಂಥದ್ದು. ಭೂಗೋಳಜ್ಞ ವಾಲ್ಡೊ ಟೋಬ್ಲರ್ 1970ರಲ್ಲಿ ಡೆಟ್ರಾಯಿಟ್ ನಗರದ ಬೆಳವಣಿಗೆಯನ್ನು ಕಂಪ್ಯೂಟರಿನಲ್ಲಿ ಚಲನಚಿತ್ರದ ಹಾಗೆ ಓಡಿಸಿ ತೋರಿಸಿದರು. ಎಲ್ಲದಕ್ಕೂ ಎಲ್ಲದರ ಜೊತೆ ನಂಟಿದೆ, ಹತ್ತಿರದವುಗಳ ನಂಟು ದೂರದವುಗಳಿಗಿಂತ ಜಾಸ್ತಿ ಎಂಬ ಅವರ ಮಾತು ಇವತ್ತಿಗೂ ಭೂಗೋಳದ ಮೊದಲ ನಿಯಮ ಎನ್ನಿಸಿಕೊಂಡಿದೆ. ಬದುವಿನ ಪಕ್ಕದ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಅಲ್ವಾ?

ಈ ಗಣಿತವನ್ನು ನಗರಕ್ಕೆ ಸರಿಯಾಗಿ ಹೊಂದಿಸಿದವರು ಕ್ಯಾಲಿಫೋರ್ನಿಯಾದ ಕೀತ್ ಕ್ಲಾರ್ಕ್ ಮತ್ತು ಸಂಗಡಿಗರು. 1997ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬೆಳವಣಿಗೆಯನ್ನು ಮರುಸೃಷ್ಟಿಸಿ ತೋರಿಸಿದರು. ಅದೇ ಮುಂದೆ ಸ್ಲೂತ್ ಎಂಬ ಹೆಸರಿನಲ್ಲಿ ಜಗತ್ತಿನ ಎಷ್ಟೋ ನಗರಗಳಿಗೆ ಬಳಕೆಯಾಯಿತು. ಇಳಿಜಾರು, ಭೂಬಳಕೆ, ಕಟ್ಟಬಾರದ ಜಾಗ, ಈಗಿರುವ ಊರು, ರಸ್ತೆಗಳು, ಬೆಟ್ಟಗುಡ್ಡಗಳ ನೆರಳು, ಇಷ್ಟು ನಕ್ಷೆ ಕೊಟ್ಟರೆ ಅದು ಊರನ್ನು ನಾಲ್ಕು ಬಗೆಯಲ್ಲಿ ಬೆಳೆಸುತ್ತದೆ. ಒಂದು, ಎಲ್ಲೋ ಬಯಲಿನಲ್ಲಿ ಇದ್ದಕ್ಕಿದ್ದಂತೆ ಒಂದು ಚೌಕ ಕಟ್ಟಡವಾಗುತ್ತದೆ. ಎರಡು, ಅಂಥ ಒಂಟಿ ಚೌಕ ಹೆಪ್ಪಿನ ಹಾಗೆ ಕೆಲಸ ಮಾಡಿ ಸುತ್ತಲಿನದನ್ನೂ ತನ್ನಂತೆ ಮಾಡಿಕೊಳ್ಳುತ್ತದೆ. 1970ರ ದಶಕದ ಕೊನೆಯಲ್ಲಿ ಶುರುವಾದಾಗ ನಗರದಿಂದ ದೂರವಿದ್ದ ಎಲೆಕ್ಟ್ರಾನಿಕ್ ಸಿಟಿಯನ್ನು ನೆನಪಿಸಿಕೊಳ್ಳಿ. ಮೂರು, ಊರಿನ ಅಂಚು ಹೊರಕ್ಕೆ ಹರಡುತ್ತದೆ. ನಾಲ್ಕು, ರಸ್ತೆ ಸೆಳೆಯುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ಏನಾಯಿತೋ ಅದು.

ಯಾವುದರ ಜೋರು ಎಷ್ಟು ಎಂಬುದನ್ನು ಐದು ಅಂಕಿಗಳು ಹೇಳುತ್ತವೆ. ಒಂದೊಂದೂ 0ಯಿಂದ 100ರವರೆಗೆ. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಲು ಹೋದರೆ ಸಾವಿರ ಕೋಟಿ ದಾಟುತ್ತದೆ. ಹಾಗಾಗಿ ಮೊದಲು ದೊಡ್ಡ ಹೆಜ್ಜೆಯಲ್ಲಿ ಹುಡುಕಿ, ಆಮೇಲೆ ಕಿರಿದು ಮಾಡುತ್ತಾ ಹೋಗುತ್ತಾರೆ. ಪರೀಕ್ಷೆಯ ಕ್ರಮ ನೇರವಾಗಿದೆ. ಹಳೆಯ ನಕ್ಷೆಯಿಂದ ಓಡಿಸಿ ಇವತ್ತಿನ ನಕ್ಷೆ ಬರುತ್ತದೆಯೇ ನೋಡುವುದು. ಹತ್ತಿರ ಬಂದರೆ ಅದೇ ಅಂಕಿ ಇಟ್ಟುಕೊಂಡು ಮುಂದಕ್ಕೆ ಓಡಿಸುವುದು. ಅದೂ ಒಂದು ಸಲ ಅಲ್ಲ, ಹತ್ತಾರು ಸಲ. ನೂರರಲ್ಲಿ ಎಂಬತ್ತು ಸಲ ಕಟ್ಟಡವಾದ ಚೌಕಕ್ಕೆ ಶೇ 80 ಸಾಧ್ಯತೆ.

ಬೆಂಗಳೂರಿಗೂ ಈ ಬಗೆಯ ಲೆಕ್ಕ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಜೋಡಿಸಿ ನೋಡಿತು. ಸುಮಾರು ನಾಲ್ಕು ದಶಕದಲ್ಲಿ ಕಟ್ಟಡಗಳ ಜಾಗ ಶೇ 584ರಷ್ಟು ಹೆಚ್ಚಿತ್ತು. ಹಸಿರು ಶೇ 66, ನೀರಿನ ಹರವು ಶೇ 74 ಕಡಿಮೆಯಾಗಿತ್ತು. ತಂಡ ಇಲ್ಲಿಗೇ ನಿಲ್ಲದೆ ಮಾರ್ಕೊವ್ ಲೆಕ್ಕ ಮತ್ತು ಚೌಕಗಳ ಗಣಿತ ಎರಡನ್ನೂ ಸೇರಿಸಿ ಮುಂದಿನ ವರ್ಷಗಳ ನಕ್ಷೆಗಳನ್ನೂ ಮಾಡಿತು. ಕೆರೆಗಳ ಬಗ್ಗೆ ಇವತ್ತು ನಾವು ಆಡುವ ಮಾತಿಗೆ ಅಂಕಿಗಳ ಬಲ ಬಂದದ್ದರಲ್ಲಿ ಇಂಥ ಕೆಲಸದ ಪಾಲು ದೊಡ್ಡದು.

ಈಗ ಒಂದು ಎಚ್ಚರಿಕೆ. "ನಮ್ಮ ಮಾದರಿ ಶೇ 90 ನಿಖರ" ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಸಾವಿರ ಚೌಕ ಇದೆ ಅಂದುಕೊಳ್ಳಿ. ಹತ್ತು ವರ್ಷದಲ್ಲಿ ನಿಜವಾಗಿ ಬದಲಾಗಿದ್ದು ನೂರು. ಏನೂ ಬದಲಾಗುವುದಿಲ್ಲ ಎಂದು ಒಬ್ಬರು ಸುಮ್ನೆ ಹೇಳಿಬಿಟ್ಟರೂ ಅವರು 900 ಚೌಕಗಳಲ್ಲಿ ಸರಿ. ಶೇ 90 ನಿಖರ! ಇನ್ನೊಬ್ಬರು ಕಷ್ಟಪಟ್ಟು ಮಾದರಿ ಕಟ್ಟಿ, ನೂರು ಚೌಕ ಬದಲಾಗುತ್ತವೆ ಎಂದು ಗುರುತಿಸುತ್ತಾರೆ. ಅದರಲ್ಲಿ 40 ಸರಿ, 60 ತಪ್ಪು. ನಿಜವಾಗಿ ಬದಲಾದ ಇನ್ನು 60 ಅವರ ಕಣ್ಣಿಗೆ ಬಿದ್ದಿಲ್ಲ. ಒಟ್ಟು 120 ತಪ್ಪು, ನಿಖರತೆ ಶೇ 88. ಏನೂ ಮಾಡದವರಿಗಿಂತ ಕಡಿಮೆ ಅಂಕ! ಆದರೆ ಲೇಔಟ್ ಎಲ್ಲಿ ಬರುತ್ತದೆ ಎಂದು ಒಂದಿಷ್ಟಾದರೂ ಹೇಳಿದ್ದು ಎರಡನೆಯವರೇ.

ಹಾಗಾಗಿ ಬದಲಾಗದ ಚೌಕಗಳನ್ನು ಬದಿಗಿಟ್ಟು ಎಣಿಸುವುದು ಸರಿಯಾದ ಕ್ರಮ. ಸರಿಯಾಗಿ ಹೇಳಿದ್ದು 40, ಹೇಳಿದ್ದು ಮತ್ತು ಆಗಿದ್ದು ಎರಡೂ ಸೇರಿ, ಎರಡರಲ್ಲೂ ಇರುವ 40ನ್ನು ಒಂದೇ ಸಲ ಎಣಿಸಿದರೆ, 160. ಅಲ್ಲಿಗೆ ಶೇ 25. ಅಮೆರಿಕದ ರಾಬರ್ಟ್ ಗಿಲ್ ಪಾಂಟಿಯಸ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳಲ್ಲಿ ಬಳಸಿದ 13 ಮಾದರಿ ನಕ್ಷೆಗಳನ್ನು ಹೀಗೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. 12 ನಕ್ಷೆಗಳಲ್ಲಿ, ಸರಿಯಾಗಿ ಊಹಿಸಿದ ಬದಲಾವಣೆಗಿಂತ ತಪ್ಪುಗಳೇ ಜಾಸ್ತಿ ಇದ್ದವು. ಇದನ್ನು ಓದಿ ಮಾದರಿಗಳನ್ನು ಮೂಲೆಗೆ ತಳ್ಳಬೇಕಾಗಿಲ್ಲ. ಆದರೆ ನಿಮ್ಮ ಹೊಲ 2040ಕ್ಕೆ ಏನಾಗುತ್ತದೆ ಎಂದು ಒಂದು ನಕ್ಷೆ ಬಣ್ಣ ಹಚ್ಚಿ ತೋರಿಸಿದರೆ, ಅದನ್ನು ನಂಬಿ ಜಮೀನು ಮಾರುವುದೂ ಬೇಡ, ಕೊಳ್ಳುವುದೂ ಬೇಡ.

ತಪ್ಪುಗಳಿಗೆ ಕಾರಣ ಗಣಿತದಲ್ಲಿ ಮಾತ್ರ ಇಲ್ಲ, ಮೇಲಿನಿಂದ ನೋಡುವ ಕಣ್ಣಿನಲ್ಲೂ ಇದೆ. ಕೆರೆಯ ಮೇಲೆ ಕಳೆ ಹಬ್ಬಿದರೆ ಉಪಗ್ರಹಕ್ಕೆ ಅದು ಹಸಿರು. ಹೊಸಕೋಟೆ, ಕೋಲಾರದ ಕಡೆಯ ನೀಲಗಿರಿ ತೋಪೂ ಹಸಿರು. ನಮ್ಮ ಕೆಂಪು ಮಣ್ಣಿನ ಬೀಳು ಹೊಲ ಬೇಸಿಗೆಯಲ್ಲಿ ಬರಿ ನೆಲವಾಗಿ ಕಾಣುತ್ತದೆ. ಕಲ್ಲು ನೆಟ್ಟು ಮನೆ ಕಟ್ಟದೆ ಬಿಟ್ಟ ಲೇಔಟೂ ಹಾಗೇ ಕಾಣುತ್ತದೆ. ಕಾಗದದಲ್ಲಿ ಕನ್ವರ್ಷನ್ ಆಗಿ, ಸೈಟು ನಾಲ್ಕು ಕೈ ಬದಲಾಗಿ, ಬೇಸಾಯ ನಿಂತು ವರ್ಷಗಳಾಗಿದ್ದರೂ ಮಾದರಿಯ ಲೆಕ್ಕದಲ್ಲಿ ಅಲ್ಲಿ ಏನೂ ಆಗಿಲ್ಲ. ಕಾನೂನೂ ಅದಕ್ಕೆ ಕಾಣದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದದ್ದರಿಂದ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಯಿತು. ಅದಕ್ಕೂ ಹಿಂದಿನ ನಕ್ಷೆಗಳಿಂದ ಕಲಿತ ಮಾದರಿಗೆ ಇದು ಹೇಗೆ ಗೊತ್ತಾಗಬೇಕು? ಇನ್ನು ರಸ್ತೆ. ಸ್ಲೂತ್‌ಗೆ ಕೊಡುವುದು ಇರುವ ರಸ್ತೆಯ ನಕ್ಷೆ. ನಮ್ಮಲ್ಲಿ ರಸ್ತೆ ಬರುತ್ತಂತೆ ಎಂಬ ಸುದ್ದಿ ಸಾಕು, ರಸ್ತೆಗಿಂತ ಮೊದಲು ಸೈಟು ಬರುತ್ತದೆ.

ಇಷ್ಟೆಲ್ಲ ಕೊರತೆಯಿದ್ದೂ ಈ ಕೆಲಸ ಬೇಕೇಬೇಕು ಅನ್ನುತ್ತೇನೆ. ಅದರ ನಿಜವಾದ ಬಲ ಹೀಗೆ ಮಾಡಿದರೆ ಏನಾಗುತ್ತದೆ, ಹಾಗೆ ಮಾಡಿದರೆ ಏನಾಗುತ್ತದೆ ಎಂದು ಹೋಲಿಸುವುದರಲ್ಲಿದೆ. ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ಸುತ್ತಲಿನ ಪ್ರದೇಶಕ್ಕೆ ಕ್ಲೇರ್ ಜಾಂಟ್ಸ್ ಮತ್ತು ಸಂಗಡಿಗರು ಸ್ಲೂತ್ ಬಳಸಿ 2030ರವರೆಗೆ ಮೂರು ಚಿತ್ರ ಬರೆದರು. ಈಗಿನಂತೆಯೇ ಬಿಟ್ಟರೆ ಒಂದು, ಹಿಡಿತದಲ್ಲಿ ಬೆಳೆಸಿದರೆ ಒಂದು, ಪರಿಸರವನ್ನು ಮುಂದಿಟ್ಟರೆ ಇನ್ನೊಂದು. ಕಡೆಯ ಎರಡರಲ್ಲಿ ಕಾಡು ಮತ್ತು ಹೊಲ ಕರಗಿದ್ದು ಕಡಿಮೆ. ಒಂದೊಂದು ಚೌಕ ತಪ್ಪಿದರೂ ಮೂರು ಚಿತ್ರಗಳ ನಡುವಿನ ಅಂತರ ಯೋಜನೆ ಮಾಡುವವರಿಗೆ ದಾರಿ ತೋರಿಸುತ್ತದೆ.

ಇಲ್ಲಿ ಕೆಲಸ ಮಾಡುವುದು ಕಟ್ಟಬಾರದ ಜಾಗದ ನಕ್ಷೆ. ಅದರಲ್ಲಿ 100 ಎಂದು ಬರೆದ ಚೌಕದಲ್ಲಿ ಕಟ್ಟಡ ಎಂದೂ ಬರುವುದಿಲ್ಲ. 0 ಎಂದರೆ ತಡೆಯೇ ಇಲ್ಲ. ನಡುವಿನ ಅಂಕಿಯನ್ನೂ ಕೊಡಬಹುದು. ಬೆಂಗಳೂರಿನ ರಾಜಕಾಲುವೆಯ ಪಕ್ಕದ ಚೌಕಕ್ಕೆ ಎಷ್ಟು ಕೊಡೋಣ? ನಿಯಮದ ಪ್ರಕಾರ ಅಲ್ಲಿ ಕಟ್ಟುವಂತಿಲ್ಲ, ಅಂದರೆ 100. ಆದರೆ ಕಳೆದ ಮೂವತ್ತು ವರ್ಷದಲ್ಲಿ ಅಲ್ಲಿ ಎಷ್ಟು ಕಟ್ಟಡ ಎದ್ದಿವೆ ಎಂಬುದು ಉಪಗ್ರಹ ಚಿತ್ರದಲ್ಲಿದೆ. ಅದರಿಂದ ಲೆಕ್ಕ ಹಾಕಿದರೆ ಅಂಕಿ ಕೆಳಗಿಳಿಯುತ್ತದೆ. ಎರಡೂ ಅಂಕಿ ಇಟ್ಟು ಎರಡು ಸಲ ಓಡಿಸಬೇಕು. ಒಂದು ನಕ್ಷೆ ಕಾನೂನು ಪಾಲಿಸಿದ ಬೆಂಗಳೂರು, ಇನ್ನೊಂದು ಇದ್ದ ಹಾಗೇ ಬಿಟ್ಟ ಬೆಂಗಳೂರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ನುಗ್ಗಿ ಜನ ಟ್ರ್ಯಾಕ್ಟರಿನಲ್ಲಿ ಕೆಲಸಕ್ಕೆ ಹೋಗಬೇಕಾಯಿತು. ಅಂಥ ಇನ್ನೊಂದು ಮಳೆ ಬಂದರೆ ಆ ಎರಡು ಬೆಂಗಳೂರುಗಳಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನೂ ಇದರ ಜೊತೆ ಲೆಕ್ಕ ಹಾಕಲು ಸಾಧ್ಯವಿದೆ.

ಚೌಕವೂ ಈಗ ಚಿಕ್ಕದಾಗಿದೆ. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚೌಕ 10 ಮೀಟರಿನದು. 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದೇ ಗುಂಟೆ. ಆ ಚಿತ್ರಗಳು ಯಾರಿಗೆ ಬೇಕಾದರೂ ಉಚಿತ. ನಮ್ಮ ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿದೆ. ನಿಂತ ಜಾಗದ ಸರ್ವೆ ನಂಬರನ್ನು ಕಂದಾಯ ಇಲಾಖೆಯ ದಿಶಾಂಕ್ ಆಪ್ ಫೋನಿನಲ್ಲೇ ತೋರಿಸುತ್ತದೆ. ಯಾವ ಸರ್ವೆ ನಂಬರು ಯಾವ ವರ್ಷ ಕನ್ವರ್ಷನ್ ಆಯಿತು ಎಂಬ ಪಟ್ಟಿಯನ್ನು ಉಪಗ್ರಹದ ನಕ್ಷೆಯ ಮೇಲೆ ಇನ್ನೊಂದು ಪದರವಾಗಿ ಹಾಸಿ ಸಂಶೋಧಕರಿಗೂ ಗ್ರಾಮ ಪಂಚಾಯಿತಿಗಳಿಗೂ ಕೊಡಬೇಕು. ಆಗ ಜೆಸಿಬಿ ಬರುವ ಎಷ್ಟೋ ಮೊದಲೇ, ಯಾವ ಕೆರೆಯ ಅಚ್ಚುಕಟ್ಟಿನಲ್ಲಿ ಎಷ್ಟು ಎಕರೆ ಕಾಗದದ ಮೇಲೆ ಆಗಲೇ ಊರಾಗಿದೆ ಎಂಬುದು ಆ ಪಂಚಾಯಿತಿಯ ಸಭೆಯಲ್ಲೇ ಗೊತ್ತಾಗುತ್ತದೆ.