ಸಾರಿನಲ್ಲಿ ಬೆರೆಸುವ ಮಾತ್ರೆ ಕೇಳಬೇಡಿ

ಪ್ರಶ್ನೆ: ನಮ್ಮ ಯಜಮಾನರು ದಿನಾ ಕುಡಿಯುತ್ತಾರೆ. ಆಸ್ಪತ್ರೆಗೆ ಬನ್ನಿ ಎಂದರೆ ಜಗಳ. ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಮಾತ್ರೆ ಇದೆಯಂತೆ. ಹೆಸರು ಹೇಳುತ್ತೀರಾ?

ಉತ್ತರ: ಹೆಂಡತಿ ಕೇಳಲಿ, ತಾಯಿ ಕೇಳಲಿ, ತಂಗಿ ಕೇಳಲಿ, ಉತ್ತರ ಒಂದೇ. ಬೆರೆಸಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಕಾರಣವನ್ನೂ ಬಿಡಿಸಿ ಹೇಳುತ್ತೇನೆ.

ಮಾತ್ರೆ ಇರುವುದು ನಿಜ. ಹೆಸರು ಡೈಸಲ್ಫಿರಾಂ. 1940ರ ದಶಕದ ಕೊನೆಗೆ ಡೆನ್ಮಾರ್ಕ್‌ನಲ್ಲಿ ಕುಡಿತದ ಚಿಕಿತ್ಸೆಗೆ ಬಳಕೆಗೆ ಬಂತು. ಆದರೆ ಅದು ಕುಡಿಯುವ ಆಸೆಯನ್ನು ಒಂದಿಷ್ಟೂ ತಗ್ಗಿಸುವುದಿಲ್ಲ. ಲಿವರ್ ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ, ಆಮೇಲೆ ಆ ವಿಷವನ್ನು ಕಳೆಯುತ್ತದೆ. ಮಾತ್ರೆ ಈ ಎರಡನೇ ಕೆಲಸವನ್ನು ತಡೆಯುತ್ತದೆ, ಅಷ್ಟೇ. ಕುಡಿದ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ ಉರಿ, ತಲೆ ಸಿಡಿತ, ವಾಂತಿ, ಎದೆ ಡವಡವ. ಬಿ.ಪಿ. ಇಳಿಯುತ್ತದೆ. ಹೃದಯದ ತೊಂದರೆ ಇದ್ದವರ ಪ್ರಾಣವೇ ಹೋಗಬಹುದು.

ಹಾಗಾದರೆ ಇದು ಕೆಲಸ ಮಾಡುವುದು ಹೇಗೆ? "ಬೆಳಿಗ್ಗೆ ಮಾತ್ರೆ ನುಂಗಿದ್ದೇನೆ, ಇವತ್ತು ಕುಡಿದರೆ ಕೆಟ್ಟೆ" ಎಂಬ ಅರಿವಿನಿಂದ. ಆ ಅರಿವೇ ಔಷಧಿಯ ಅರ್ಧ ಭಾಗ. ಕದ್ದು ಬೆರೆಸಿದರೆ ಆ ಅರ್ಧ ಇಲ್ಲವಾಯಿತು, ಉಳಿದದ್ದು ವಿಷ ಮಾತ್ರ. ಅವರು ಎಂದಿನಂತೆ ಕ್ವಾರ್ಟರ್ ಕುಡಿಯುತ್ತಾರೆ, ನರಳುತ್ತಾರೆ, ಮಾಲು ಸರಿಯಿಲ್ಲ ಎಂದು ಮರುದಿನ ಬ್ರ್ಯಾಂಡ್ ಬದಲಿಸುತ್ತಾರೆ. ವಿಷಯ ಗೊತ್ತಾದ ದಿನ ಮನೆಯ ಊಟವನ್ನೇ ಬಿಡುತ್ತಾರೆ. ಆಮೇಲೆ ನೀವು ಕೊಡುವ ಯಾವ ಮಾತ್ರೆಯನ್ನೂ ನಂಬುವುದಿಲ್ಲ.

ಇದನ್ನು ಕೊಡುವ ಮೊದಲು ಡಾಕ್ಟರು ಲಿವರ್ ಮತ್ತು ಹೃದಯ ನೋಡುತ್ತಾರೆ, ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದಿರಬೇಕು ಎನ್ನುತ್ತಾರೆ, ರೋಗಿಯ ಒಪ್ಪಿಗೆ ಪಡೆಯುತ್ತಾರೆ. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕೂಡ ಆಗ ತೊಂದರೆ ಕೊಡುತ್ತದೆ. ಇನ್ನು ಗೋಡೆಯ ಮೇಲೆ ಬರೆಸಿ ಮಾರುವ "ಕುಡಿತ ಬಿಡಿಸುವ ಪುಡಿ"ಯಲ್ಲಿ ಏನಿದೆ ಎಂಬುದು ಮಾರುವವರಿಗೆ ಮಾತ್ರ ಗೊತ್ತು.

ಪುಡಿ ಬೇಡವೆಂದರೆ ಕೆಲವರು ಹಣ ಕೊಡದೆ ರೂಮಿನಲ್ಲಿ ಕೂಡಿಹಾಕುತ್ತಾರೆ. ನೀವು ಇದನ್ನು ಕೇಳಿಲ್ಲ, ಆದರೂ ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟನೆ ನಿಲ್ಲಿಸಿದರೆ 6ರಿಂದ 12 ಗಂಟೆಯಲ್ಲಿ ಕೈನಡುಕ, ಬೆವರು ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ ಹುಳ, ಇಲ್ಲದ ಜನ ಕಾಣುತ್ತಾರೆ, ಮನೆಯವರ ಗುರುತು ಸಿಗುವುದಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡಬೇಡಿ. ಇದು ಡೆಲಿರಿಯಂ ಟ್ರೆಮೆನ್ಸ್, ಜೀವಕ್ಕೆ ಅಪಾಯ. ತಕ್ಷಣ 108ಕ್ಕೆ ಫೋನ್ ಮಾಡಿ.

ಸುಸ್ತಾಗಿದ್ದಾರೆಂದು ಬರೀ ಗ್ಲೂಕೋಸ್ ಬಾಟಲಿ ಏರಿಸುವುದೂ ತಪ್ಪು. ಕುಡಿಯುವವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೆ ಪೆಟ್ಟಾಗಿ ನೆನಪು ಶಾಶ್ವತವಾಗಿ ಹೋಗಬಹುದು. ಆಸ್ಪತ್ರೆಯಲ್ಲಿ ಬಿ1 ಇಂಜೆಕ್ಷನ್ ಕೊಟ್ಟು, ನಡುಕಕ್ಕೆ ಡಯಜೆಪಾಂ ಗುಂಪಿನ ಔಷಧಿ ಕೊಟ್ಟು, ಸುಮಾರು ಒಂದು ವಾರದಲ್ಲಿ ಅದನ್ನು ಇಳಿಸುತ್ತಾ ನಿಲ್ಲಿಸುತ್ತಾರೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬರುವುದು ಅದರ ನಂತರ. ನೀವು ಹುಡುಕುತ್ತಿದ್ದದ್ದು ನಿಜವಾಗಿ ಇಂಥ ಮಾತ್ರೆಯನ್ನು.

ಅವರು ಬರಲೊಪ್ಪದಿದ್ದರೆ? ಕುಡಿದಾಗ ಮಾತು ತೆಗೆಯಬೇಡಿ. ಬೆಳಿಗ್ಗೆ, ಮಕ್ಕಳಿಲ್ಲದಾಗ, ಅವರೇ ದೂರುವ ಹೊಟ್ಟೆಯುರಿ, ನಿದ್ದೆಗೇಡಿನಿಂದ ಶುರುಮಾಡಿ. ಆಗಲೂ ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಎಲ್ಲಿ ಹತ್ತಿರವೋ ಅಲ್ಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಎಂ.ಎಲ್., ಎಷ್ಟು ವರ್ಷದಿಂದ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈಗ ಯಾವ ಮಾತ್ರೆ ನಡೆಯುತ್ತಿದೆ. ನಾಚಿಕೆಯಿಂದ "ಸ್ವಲ್ಪ ಕುಡಿಯುತ್ತಾರೆ" ಎನ್ನಬೇಡಿ. 180 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ನಡುಕದ ಔಷಧಿಯ ಪ್ರಮಾಣ ಇಡುವಾಗ ಡಾಕ್ಟರಿಗೆ ಆ ಲೆಕ್ಕ ಬೇಕು.